ಮಾಡಿನ ಫೋಟೋ ಕಳಿಸಿ ಅಂದವರೂ ನೀವೇ, ತೆರೆದು ನೋಡದವರೂ ನೀವೇ

ಗೆ,
ಕುಂದುಕೊರತೆ ಅಧಿಕಾರಿಯವರು,
ಗೃಹ ವಿಮೆ ವಿಭಾಗ, ಬೆಂಗಳೂರು ಕಚೇರಿ.

ಇಂದ,
ನಿಮ್ಮ ಪಾಲಿಸಿದಾರೆ,
ಮಾಜಾಳಿ, ಕಾರವಾರ ತಾಲೂಕು, ಉತ್ತರ ಕನ್ನಡ.

ವಿಷಯ: ಜೂನ್ ತಿಂಗಳ ಗಾಳಿಮಳೆಗೆ ಮನೆಯ ಮಾಡು (ಹಂಚಿನ ಚಾವಣಿ) ಹಾರಿಹೋದ ಬಗ್ಗೆ ಹಾಕಿದ ಕ್ಲೇಮ್ ತಿರಸ್ಕರಿಸಿದ್ದಕ್ಕೆ ದೂರು.

ಮಾನ್ಯರೇ,

ಕ್ಲೇಮ್ ತಿರಸ್ಕರಿಸಿ ನೀವು ಬರೆದ ಪತ್ರ ಬಂದಿದೆ. ಎರಡು ಕಾರಣ ಕೊಟ್ಟಿದ್ದೀರಿ. ಮಾಡು ಹಾಳಾಗಿದ್ದು ಗಾಳಿಯಿಂದಲ್ಲ, ಹಳೆಯದಾಗಿ ಸವೆದು, ನಿರ್ವಹಣೆ ಇಲ್ಲದೆ ಎನ್ನುವುದು ಒಂದು. ಮಳೆಗಾಲಕ್ಕೆ ಮುಂಚೆ ಮಾಡು ಹೇಗಿತ್ತು ಎಂದು ತೋರಿಸುವ ದಾಖಲೆ ಯಾವುದೂ ಇಲ್ಲ ಎನ್ನುವುದು ಇನ್ನೊಂದು. ಮೊದಲನೆಯದರ ಬಗ್ಗೆ ಬೇಕಾದರೆ ವಾದ ಮಾಡೋಣ. ಎರಡನೆಯದು ಮಾತ್ರ ನಿಜವಲ್ಲ. ದಾಖಲೆ ನಿಮ್ಮ ಹತ್ತಿರವೇ ಇದೆ. ಏಪ್ರಿಲ್ ಕೊನೆಯಲ್ಲಿ ನಾನೇ ಕಳಿಸಿದ್ದೇನೆ, ಅದೂ ನೀವು ಹೇಳಿದ್ದಕ್ಕೆ.

ಪಾಲಿಸಿ ನವೀಕರಿಸಿದ ಮೇಲೆ ನಿಮ್ಮಿಂದ ಒಂದು ಮೆಸೇಜ್ ಬಂದಿತ್ತು. ಮಳೆಗಾಲಕ್ಕೆ ಮುಂಚೆ ಮಾಡು ರಿಪೇರಿ ಮಾಡಿಸಿಕೊಳ್ಳಿ, ಫೋಟೋ ಮತ್ತು ಬಿಲ್ಲು ಈ ಇಮೇಲ್‌ಗೆ ಕಳಿಸಿಡಿ, ಮುಂದೆ ಕ್ಲೇಮ್ ಮಾಡುವಾಗ ಅನುಕೂಲ ಅಂತ. ಒಳ್ಳೆಯ ಮಾತು ಅನ್ನಿಸಿತು. ನಾನು ಸಹಕಾರಿ ಸಂಘವೊಂದರಲ್ಲಿ ಲೆಕ್ಕ ಬರೆಯುವವಳು, ಕಾಗದಪತ್ರ ಜೋಡಿಸಿಡುವುದು ನನ್ನ ದಿನನಿತ್ಯದ ಕೆಲಸ. ಎಲ್ಲವನ್ನೂ ಕಳಿಸಿದೆ. "ನಿಮ್ಮ ಇಮೇಲ್ ತಲುಪಿದೆ" ಎಂದು ನಂಬರ್ ಸಮೇತ ಉತ್ತರವೂ ಬಂತು. ಅದು ಯಂತ್ರ ಕಳಿಸಿದ ಉತ್ತರ ಇರಬಹುದು. ಆದರೆ ಯಂತ್ರ ನಿಮ್ಮದೇ ಅಲ್ವಾ?

ನಮ್ಮ ಕಡೆಯ ಮನೆಗಳ ಪರಿಚಯ ನಿಮ್ಮವರಿಗೆ ಅಷ್ಟಾಗಿ ಇಲ್ಲ ಎನ್ನುವುದು ಕಾಲ್ ಸೆಂಟರಿಗೆ ಫೋನ್ ಮಾಡಿದಾಗಲೇ ಗೊತ್ತಾಯಿತು. "ಟೆರೇಸ್ ಮೇಲೆ ಹೋಗಿ ಫೋಟೋ ತೆಗೆದು ಕಳಿಸಿ ಮೇಡಂ" ಅಂದರು ಒಬ್ಬರು. ನಮ್ಮದು ಹಂಚಿನ ಮನೆ. ಟೆರೇಸ್ ಎಲ್ಲಿಂದ ತರಲಿ? ಹಾಗಾಗಿ ಸ್ವಲ್ಪ ಬಿಡಿಸಿಯೇ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮಂಗಳೂರು ಹಂಚನ್ನು ಮೊಳೆ ಹೊಡೆದು ಕೂರಿಸುವುದಿಲ್ಲ. ಅದರ ಅಡಿಯಲ್ಲಿರುವ ಉಬ್ಬು ರೀಪಿಗೆ, ಅಂದರೆ ಮಾಡಿನ ಅಡ್ಡ ಪಟ್ಟಿಗೆ, ಸಿಕ್ಕಿಕೊಳ್ಳುತ್ತದೆ, ಅಂಚು ಪಕ್ಕದ ಹಂಚಿನ ಮೇಲೆ ಕೂರುತ್ತದೆ. ಉಳಿದಂತೆ ತನ್ನ ಭಾರಕ್ಕೆ ತಾನೇ ನಿಲ್ಲಬೇಕು. ಜೋರು ಗಾಳಿ ಮಾಡಿನ ಮೇಲೆ ಹಾಯುವಾಗ ಹಂಚನ್ನು ಮೇಲಕ್ಕೆ ಎಳೆಯುತ್ತದೆ. ಈ ಎಳೆತ ಜಾಸ್ತಿ ಇರುವುದು ಸೂರಿನ ಅಂಚಿನಲ್ಲಿ, ಮೂಲೆಗಳಲ್ಲಿ, ಮಾಡಿನ ಮೇಲ್ತುದಿಯಾದ ನೆತ್ತಿಯಲ್ಲಿ. ಅದಕ್ಕೇ ಸಮುದ್ರದ ಹತ್ತಿರದ ಮನೆಗಳಲ್ಲಿ ಸೂರಿನ ಸಾಲಿನ ಹಂಚನ್ನು ತೂತಿಗೆ ತಂತಿ ಪೋಣಿಸಿ ರೀಪಿಗೆ ಕಟ್ಟುತ್ತಾರೆ. ನೆತ್ತಿಯ ಹಂಚನ್ನು ಸಿಮೆಂಟ್ ಹಾಕಿ ಕೂರಿಸುತ್ತಾರೆ. ಉಪ್ಪುಗಾಳಿಗೆ ಕಬ್ಬಿಣದ ತಂತಿ ಬೇಗ ತುಕ್ಕು ಹಿಡಿಯುತ್ತದೆ, ಆಗಾಗ ಬದಲಾಯಿಸುತ್ತಲೇ ಇರಬೇಕು.

ಮುಂಗಾರು ಕರಾವಳಿಗೆ ಬರುವುದು ಜೂನ್ ಮೊದಲ ವಾರದಲ್ಲಿ. ಹಂಚು ಕೈಯಾಡಿಸುವ (ಇಳಿಸಿ, ಒಡೆದದ್ದು ಬದಲಾಯಿಸಿ ಮತ್ತೆ ಹೊದಿಸುವ) ಕೆಲಸವನ್ನು ನಮ್ಮ ಮನೆಯಲ್ಲಿ ಮೇ ಕೊನೆಗೆ ಮಾಡಿಸುತ್ತಿದ್ದೆವು. 2021ರಲ್ಲಿ ತೌಕ್ತೆ ಚಂಡಮಾರುತ ಬಂದಿದ್ದು ಮೇ ಮಧ್ಯದಲ್ಲಿ. ಅದು ನೆಲಕ್ಕೆ ಅಪ್ಪಳಿಸಿದ್ದು 17ರಂದು, ದೂರದ ಗುಜರಾತಿನಲ್ಲಿ. ಆದರೂ ಪಕ್ಕದಲ್ಲಿ ಹಾದುಹೋಗುವಾಗಲೇ ನಮ್ಮ ಕರಾವಳಿಯಲ್ಲಿ ಎಷ್ಟೋ ಮನೆಗಳ ಮಾಡು ಕಿತ್ತುಹೋಗಿತ್ತು. ಆಮೇಲಿಂದ ನಾವು ಏಪ್ರಿಲ್ ದಾಟಲು ಬಿಡುವುದಿಲ್ಲ.

ಈ ವರ್ಷವೂ ಹಾಗೇ. ಮೇಸ್ತ್ರಿ ಪಡುವಣ ಮಾಡಿನ ಹಂಚನ್ನೆಲ್ಲ ಇಳಿಸಿದರು. ಒಂದೊಂದನ್ನೂ ಬೆರಳ ಗೆಣ್ಣಿನಿಂದ ತಟ್ಟಿ ನೋಡಿದರು. ಠಣ್ ಅಂದರೆ ಗಟ್ಟಿ ಹಂಚು, ಮಂಕಾಗಿ ಸದ್ದು ಬಂದರೆ ಕಣ್ಣಿಗೆ ಕಾಣದ ಸೀಳು ಇದೆ ಅಂತ ಅರ್ಥ. ಅಂಥವನ್ನೆಲ್ಲ ಬದಿಗಿಟ್ಟು 140 ಹೊಸ ಹಂಚು ತರಿಸಿದೆವು. ಗೆದ್ದಲು ಹಿಡಿದಿದ್ದ ರೀಪುಗಳನ್ನು ಕಿತ್ತು ಹೊಸದು ಹೊಡೆದರು. ಸೂರಿನ ಸಾಲಿಗೆ ಹೊಸ ತಂತಿ ಕಟ್ಟಿದರು. ಎರಡು ಮಾಡು ಕೂಡುವ ಮೂಲೆಯಲ್ಲಿ ತಗಡು ತೂತಾಗಿತ್ತು, ಅದನ್ನೂ ಬದಲಾಯಿಸಿದರು. ಮನೆಗೆ ವಾಲಿದ್ದ ತೆಂಗಿನ ಒಣ ಹೆಡೆ, ಕಾಯಿ ಎಲ್ಲ ಇಳಿಸಿದ್ದೂ ಆಯಿತು. ಇದಕ್ಕೆಲ್ಲ ಬಿಲ್ಲು ಇದೆ. ಮೇಸ್ತ್ರಿಯ ಕೂಲಿಗೆ ಬಿಲ್ಲು ಎಲ್ಲಿಂದ ಬರಬೇಕು? ಅದನ್ನು ಫೋನ್‌ಪೇಯಲ್ಲಿ ಕೊಟ್ಟಿದ್ದೇನೆ, ಆ ರಶೀದಿ ಇದೆ.

ಫೋಟೋಗಳನ್ನೂ ಸುಮ್ನೆ ತೆಗೆದದ್ದಲ್ಲ. ನಾಲ್ಕೂ ದಿಕ್ಕಿನಿಂದ ಇಡೀ ಮಾಡು ಕಾಣುವ ಹಾಗೆ, ಏಣಿ ಮೇಲಿಂದ ಸೂರಿನ ತಂತಿ ಕಾಣುವ ಹಾಗೆ, ಅಟ್ಟದೊಳಗಿಂದ ಪಕಾಸು (ರೀಪು ಹೊರುವ ಇಳಿಜಾರು ಮರ), ರೀಪು ಕಾಣುವ ಹಾಗೆ ತೆಗೆದಿದ್ದೇನೆ. ಒಳಗಿನ ಫೋಟೋಗಳನ್ನು ನಡು ಮಧ್ಯಾಹ್ನ ತೆಗೆದೆ. ಮಾಡಿನಲ್ಲಿ ಸಣ್ಣ ಸಂದು ಇದ್ದರೂ ಬಿಸಿಲಿನ ಚುಕ್ಕೆ ಒಳಗೆ ಬೀಳುತ್ತದೆ. ನಾನು ಕಳಿಸಿದ ಫೋಟೋದಲ್ಲಿ ಒಂದು ಚುಕ್ಕೆಯೂ ಇಲ್ಲ. ತಾರೀಕು, ಜಾಗ ಎರಡೂ ಫೋಟೋದ ಮೇಲೇ ಅಚ್ಚಾಗಿವೆ. ನಿಮ್ಮ ಇಮೇಲ್ ದೊಡ್ಡ ಫೈಲು ತೆಗೆದುಕೊಳ್ಳುವುದಿಲ್ಲ ಅಂತ ಕಂತು ಕಂತಾಗಿ ಕಳಿಸಬೇಕಾಯಿತು, ಅದು ಬೇರೆ ಕಥೆ.

ಜೂನ್‌ನಲ್ಲಿ ಮೃಗಶಿರ ಮಳೆ ಹಿಡಿದಾಗ ಒಂದು ರಾತ್ರಿ ಕಡಲ ಕಡೆಯಿಂದ ಗಾಳಿ ಎದ್ದಿತು. ಹವಾಮಾನ ಇಲಾಖೆ ಮೊದಲೇ ಆರೆಂಜ್ ಅಲರ್ಟ್ ಕೊಟ್ಟಿತ್ತು. ಅಂದರೆ ಒಂದು ದಿನದಲ್ಲಿ 115.6 ಮಿಲಿಮೀಟರ್‌ನಿಂದ 204.4 ಮಿಲಿಮೀಟರ್‌ವರೆಗೆ ಮಳೆ ಬೀಳಬಹುದು ಎಂಬ ಎಚ್ಚರಿಕೆ. ಪಡುವಣ ಸೂರಿನ ಎರಡು ಸಾಲು ಹಂಚು, ನೆತ್ತಿಯ ಅರ್ಧ ಭಾಗ ಹಾರಿಹೋಯಿತು. ನೆತ್ತಿಯಿಂದ ಜಾರಿದವು ಕೆಳಗಿನ ಹಂಚನ್ನೂ ಒಡೆದವು. ಅಡುಗೆಮನೆ ಪೂರ್ತಿ ನೀರು. ಬೆಳಗಾದ ಮೇಲೆ ಗ್ರಾಮ ಆಡಳಿತಾಧಿಕಾರಿ ಬಂದು ಪಂಚನಾಮೆ ಮಾಡಿದರು (ನಮ್ಮಲ್ಲಿ ಅವರನ್ನು ಈಗಲೂ ಶಾನುಭೋಗರು ಎಂದೇ ಕರೆಯುವುದು). ಅದರಲ್ಲಿ ಹಾನಿಗೆ ಕಾರಣ ಗಾಳಿಮಳೆ ಎಂದು ಸ್ಪಷ್ಟವಾಗಿ ಬರೆದಿದ್ದಾರೆ. ಪ್ರತಿ ನಿಮಗೆ ಆಗಲೇ ಕೊಟ್ಟಿದ್ದೇನೆ.

ಈಗ ಹಾನಿ ನೋಡಲು ನೀವು ಕಳಿಸಿದ ಸರ್ವೇಯರ್ ವಿಷಯ. ಅವರು ಬರುವ ಹೊತ್ತಿಗೆ ಮಾಡಿಗೆ ಟಾರ್ಪಾಲು ಕಟ್ಟಿಸಿದ್ದೆವು, ಒಡೆದ ಹಂಚು ಆರಿಸಿ ಹಿತ್ತಲಿಗೆ ಹಾಕಿದ್ದೆವು. ಅದಕ್ಕೆ ಅವರು ವರದಿಯಲ್ಲಿ "ಪಾಲಿಸಿದಾರರು ಸ್ಥಳದ ಸ್ಥಿತಿ ಬದಲಾಯಿಸಿದ್ದಾರೆ" ಎಂದು ಬರೆದಿದ್ದಾರೆ. ಜೂನ್‌ನ ಮಳೆಯಲ್ಲಿ ಮಾಡು ತೆರೆದಿಟ್ಟು ಸರ್ವೇಯರ್ ದಾರಿ ಕಾಯುತ್ತಾ ಕೂರಬೇಕಿತ್ತೇ? ಹಾನಿ ಇನ್ನೂ ಹೆಚ್ಚಾಗದ ಹಾಗೆ ನೋಡಿಕೊಳ್ಳುವುದು ಪಾಲಿಸಿದಾರರ ಹೊಣೆ. ಕಾದು ಕೂತಿದ್ದರೆ ಆಗ ನೀವೇ ನನ್ನ ಮೇಲೆ ತಪ್ಪು ಹೊರಿಸುತ್ತಿದ್ದಿರಿ. ಟಾರ್ಪಾಲು ಕಟ್ಟುವ ಮುಂಚೆ ತೆಗೆದ ವಿಡಿಯೋ ಇದೆ ಎಂದು ಹೇಳಿದೆ. "ಆಫೀಸಿಗೆ ಕಳಿಸಿ" ಅಂದರು, ನೋಡಲಿಲ್ಲ. ಏಣಿ ಇಟ್ಟುಕೊಟ್ಟರೂ ಹತ್ತಲಿಲ್ಲ. ಅಂಗಳದಲ್ಲಿ ಕೊಡೆ ಹಿಡಿದು ನಿಂತು ಫೋಟೋ ಹೊಡೆದುಕೊಂಡು ಹೋದರು.

ಆ ಫೋಟೋಗಳನ್ನು ನೋಡಿ "ಹಂಚು ಕಪ್ಪಾಗಿದೆ, ಪಾಚಿ ಕಟ್ಟಿದೆ, ಆದ್ದರಿಂದ ಸವೆದಿದೆ" ಅಂತ ತೀರ್ಮಾನ ಮಾಡಿದ್ದೀರಿ. ಕರಾವಳಿಯಲ್ಲಿ ಕಪ್ಪಾಗದ ಹಂಚು ಇದ್ದರೆ ತೋರಿಸಿ. ಎರಡು ಮಳೆಗಾಲ ಕಂಡರೆ ಸಾಕು, ಎಂಥ ಹಂಚೂ ಕಪ್ಪಾಗುತ್ತದೆ. ಅದು ಹೊರಗಿನ ಬಣ್ಣ ಅಷ್ಟೇ. ಹಂಚು ಯಾವಾಗ ಒಡೆಯಿತು ಎನ್ನುವುದು ಗೊತ್ತಾಗಬೇಕಾದರೆ ಒಡೆದ ಬಾಯಿ ನೋಡಬೇಕು. ಹಳೆಯ ಸೀಳಾದರೆ ಅದರೊಳಗೂ ಮಣ್ಣು, ಪಾಚಿ ತುಂಬಿ ಕಪ್ಪಾಗಿರುತ್ತದೆ. ಹೊಸದಾಗಿ ಒಡೆದಿದ್ದರೆ ಒಳಮೈ ಕೆಂಪಗೆ, ಚೊಕ್ಕವಾಗಿ ಕಾಣುತ್ತದೆ. ನಮ್ಮ ಹಿತ್ತಲಿನಲ್ಲಿ ಬಿದ್ದಿದ್ದವು ಬಹುಪಾಲು ಕೆಂಪು ಬಾಯಿಯವು.

ಇನ್ನೂ ಒಂದು ಸಾಕ್ಷಿ ಇದೆ. ಏಣಿ ಹತ್ತಿದ್ದರೆ ನಿಮ್ಮವರಿಗೂ ಕಾಣುತ್ತಿತ್ತು. ಸೂರಿನ ರೀಪಿನಲ್ಲಿ ಏಪ್ರಿಲ್‌ನಲ್ಲಿ ಕಟ್ಟಿದ ತಂತಿ ಹಾಗೇ ಇದೆ, ತುಕ್ಕು ಹಿಡಿದಿಲ್ಲ, ಬಿಚ್ಚಿಕೊಂಡಿಲ್ಲ. ಅದರ ಕುಣಿಕೆಯೊಳಗೆ ಹಂಚಿನ ಚೂರು, ತೂತಿನ ಸುತ್ತಲಿನ ಭಾಗ ಮಾತ್ರ, ಸಿಕ್ಕಿಕೊಂಡು ಉಳಿದಿದೆ. ಕಟ್ಟು ಗಟ್ಟಿಯಾಗಿತ್ತು, ಗಾಳಿ ಹಂಚನ್ನೇ ಹರಿದುಕೊಂಡು ಹೋಯಿತು. ಇದನ್ನು ನಿರ್ವಹಣೆ ಇಲ್ಲದ ಮಾಡು ಅಂತ ಯಾವ ಬಾಯಲ್ಲಿ ಹೇಳುತ್ತೀರಿ? ಸಾಲಿನ ಉದ್ದಕ್ಕೂ ಅಂಥ ಚೂರುಗಳಿವೆ, ಹತ್ತಿರದಿಂದ ತೆಗೆದ ಫೋಟೋ ಈ ಪತ್ರದ ಜೊತೆಗಿದೆ.

ನನ್ನದು ಭಾರತ್ ಗೃಹ ರಕ್ಷಾ ಪಾಲಿಸಿ. 2021ರ ಏಪ್ರಿಲ್ 1ರಿಂದ ಎಲ್ಲ ಸಾಮಾನ್ಯ ವಿಮೆ ಕಂಪನಿಗಳೂ ಒಂದೇ ನಮೂನೆಯಲ್ಲಿ ಕೊಡುತ್ತಿರುವ ಪಾಲಿಸಿ ಇದು. ಬಿರುಗಾಳಿ, ಚಂಡಮಾರುತದಿಂದ ಆದ ಹಾನಿ ಇದರಲ್ಲಿ ಸೇರಿದೆ. ಒಡೆದ ಅವಶೇಷ ಸಾಗಿಸುವ ಖರ್ಚೂ ಕ್ಲೇಮ್ ಮೊತ್ತದ 2%ವರೆಗೆ ಸೇರಿದೆ, ಅದನ್ನು ನಿಮ್ಮವರು ಯಾರೂ ಹೇಳಲಿಲ್ಲ, ಓದಿ ತಿಳಿದುಕೊಂಡೆ. ದಾಖಲೆ ಕೊರತೆ ಎಂಬ ಕಾರಣಕ್ಕೆ ಕ್ಲೇಮ್ ತಿರಸ್ಕರಿಸುವಂತಿಲ್ಲ ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2024ರ ಜೂನ್‌ನಲ್ಲಿ ಹೊರಡಿಸಿದ ಸುತ್ತೋಲೆಯಲ್ಲಿದೆ. ಇಲ್ಲಂತೂ ದಾಖಲೆ ಕೊರತೆಯೂ ಇಲ್ಲ. ಇರುವುದು ತೆರೆದು ನೋಡುವವರ ಕೊರತೆ.

ನಾನು ಕೇಳುವುದು ಇಷ್ಟು. ಏಪ್ರಿಲ್‌ನಲ್ಲಿ ಕಳಿಸಿದ ಇಮೇಲ್‌ಗಳನ್ನು ನನ್ನ ಕ್ಲೇಮ್ ಫೈಲಿಗೆ ಸೇರಿಸಿ, ಸೇರಿಸಿದ್ದನ್ನು ಬರವಣಿಗೆಯಲ್ಲಿ ತಿಳಿಸಿ. ಸರ್ವೇಯರ್ ವರದಿಯ ಪೂರ್ತಿ ಪ್ರತಿ ಕೊಡಿ, ಈಗ ಕೊಟ್ಟಿರುವುದು ಕೊನೆಯ ಪುಟ ಮಾತ್ರ. ಹಂಚಿನ ಮನೆ ಕಂಡು ಗೊತ್ತಿರುವ ಬೇರೊಬ್ಬ ಸರ್ವೇಯರ್‌ನಿಂದ ಮತ್ತೆ ಸರ್ವೆ ಮಾಡಿಸಿ. ಹಂಚು, ರೀಪು, ಸಿಮೆಂಟ್, ಕೂಲಿ ಸೇರಿ ನಾನು ಕೇಳಿರುವುದು 68,400 ರೂಪಾಯಿ. ಅದರಲ್ಲಿ ಯಾವುದಾದರೂ ಒಂದು ಬಾಬತ್ತು ಜಾಸ್ತಿ ಅನ್ನಿಸಿದರೆ ಆ ಬಾಬತ್ತಿನ ಬಗ್ಗೆ ಕೇಳಿ, ಉತ್ತರ ಕೊಡುತ್ತೇನೆ. ಇಡೀ ಕ್ಲೇಮನ್ನೇ ಸೊನ್ನೆ ಮಾಡುವುದನ್ನು ಒಪ್ಪುವುದಿಲ್ಲ.

ಒಂದು ತಿಂಗಳೊಳಗೆ ಸರಿಯಾದ ಉತ್ತರ ಬರದಿದ್ದರೆ ವಿಮೆ ದೂರುಗಳನ್ನು ವಿಚಾರಿಸುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಅವರಿಗೆ ದೂರು ಕೊಡುತ್ತೇನೆ. ಅದಕ್ಕೆ ಶುಲ್ಕವೂ ಇಲ್ಲ, ವಕೀಲರೂ ಬೇಕಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರದ ಬಿಮಾ ಭರೋಸಾ ದೂರು ಪೋರ್ಟಲ್‌ನಲ್ಲಿ ಇದೇ ದೂರನ್ನು ಇಂದೇ ದಾಖಲಿಸುತ್ತಿದ್ದೇನೆ.

ಒಡೆದ ಹಂಚನ್ನು ಹಿತ್ತಲಿನಿಂದ ತಂದು ಕೊಟ್ಟಿಗೆಯೊಳಗೆ ಜೋಡಿಸಿಟ್ಟಿದ್ದೇನೆ, ಮಳೆ ತಾಗಿ ಒಡೆದ ಬಾಯಿ ಕಪ್ಪಾಗದಿರಲಿ ಅಂತ. ಸೂರಿನ ತಂತಿಗಳನ್ನೂ ಮುಟ್ಟಿಲ್ಲ. ಆದರೆ ಚೌತಿಗೆ ಮುಂಚೆ ಮಾಡು ಹೊದಿಸಲೇಬೇಕು, ಅದರಾಚೆ ಕಾಯಲು ಆಗುವುದಿಲ್ಲ. ಬರುವವರು ಹಿಂದಿನ ದಿನವೇ ಫೋನ್ ಮಾಡಲಿ, ಏಣಿ ಹಿಡಿಯಲು ಮೇಸ್ತ್ರಿಗೆ ಹೇಳಿಡುತ್ತೇನೆ.

ಇಂತಿ,
ನಿಮ್ಮ ಪಾಲಿಸಿದಾರೆ

ಲಗತ್ತು: ಇಮೇಲ್ ತಲುಪಿದ್ದಕ್ಕೆ ನೀವು ಕಳಿಸಿದ ಉತ್ತರ, ಏಪ್ರಿಲ್‌ನ ಫೋಟೋ ಮತ್ತು ಬಿಲ್ಲುಗಳು, ಕೂಲಿ ಕೊಟ್ಟ ರಶೀದಿ, ಪಂಚನಾಮೆಯ ಪ್ರತಿ, ತಂತಿ ಮತ್ತು ಒಡೆದ ಹಂಚಿನ ಫೋಟೋಗಳು, ಟಾರ್ಪಾಲು ಕಟ್ಟುವ ಮುಂಚಿನ ವಿಡಿಯೋ ಇರುವ ಪೆನ್‌ಡ್ರೈವ್.