ಚಪ್ಪಲಿ ಹಾಕಿಕೊಂಡರೆ ಶಾಕ್ ರಿಪೇರಿಯಾಗದು

ಸಂಪಾದಕರಿಗೆ,

ಮಾನ್ಯರೇ,

ಮಳೆಗಾಲ ಶುರುವಾದರೆ ಸಾಕು, ವಾಷಿಂಗ್ ಮಷಿನ್ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ, ಗ್ರೈಂಡರ್ ಸಣ್ಣಗೆ ಹೊಡೆಯುತ್ತದೆ ಎಂಬ ದೂರು ಕೇಳಿಬರುತ್ತದೆ. ಅಕ್ಕಪಕ್ಕದವರ ಪರಿಹಾರವೂ ಸಿದ್ಧವಾಗಿರುತ್ತದೆ: ರಬ್ಬರ್ ಚಪ್ಪಲಿ ಹಾಕಿಕೊಳ್ಳಿ, ಕಾಲ ಕೆಳಗೆ ಹಲಗೆ ಇಟ್ಟುಕೊಳ್ಳಿ, ಟೂ ಪಿನ್ ಆದರೆ ಪ್ಲಗ್ ತಿರುಗಿಸಿ ಹಾಕಿ. ಮೂರರಲ್ಲಿ ಒಂದೂ ರಿಪೇರಿಯಲ್ಲ. ಚಪ್ಪಲಿ ಮರೆತ ದಿನ, ಒದ್ದೆ ಕೈಯ ಮಗು ಮುಟ್ಟಿದ ದಿನ, ದೋಷ ಇದ್ದಲ್ಲೇ ಇರುತ್ತದೆ.

ಜುಮ್ಮೆನ್ನುವುದು ಏಕೆ ಎಂಬುದನ್ನು ಮೆಕ್ಯಾನಿಕ್‌ಗಳೂ ಅನೇಕ ಸಲ ಬಿಡಿಸಿ ಹೇಳುವುದಿಲ್ಲ. ಈಗಿನ ಬಹುತೇಕ ಆಟೊಮ್ಯಾಟಿಕ್ ಮಷಿನ್‌ಗಳಲ್ಲಿ ಕರೆಂಟ್ ಒಳಬರುವ ಜಾಗದಲ್ಲೇ ಒಂದು ನಾಯ್ಸ್ ಫಿಲ್ಟರ್, ಅಂದರೆ ವಿದ್ಯುತ್ತಿನ ಗದ್ದಲ ಸೋಸುವ ಭಾಗ ಇರುತ್ತದೆ. ಅದರಲ್ಲಿ ಫೇಸಿನಿಂದ ಮಷಿನಿನ ಲೋಹದ ಮೈಗೆ (ಬಾಡಿ) ಒಂದು, ನ್ಯೂಟ್ರಲಿನಿಂದ ಬಾಡಿಗೆ ಒಂದು ಪುಟ್ಟ ಕೆಪಾಸಿಟರ್. ಅರ್ಥಿಂಗ್ ಸರಿಯಿದ್ದರೆ ಅವುಗಳಿಂದ ಸೋರುವ ಚೂರು ಕರೆಂಟ್ ನೆಲಕ್ಕಿಳಿದುಹೋಗುತ್ತದೆ. ಅರ್ಥ್ ತಂತಿ ತುಂಡಾಗಿದ್ದರೆ ಬಾಡಿಯಲ್ಲಿ 230 ವೋಲ್ಟಿನ ಅರ್ಧದಷ್ಟು, ಸುಮಾರು 115 ವೋಲ್ಟ್ ನಿಂತುಬಿಡುತ್ತದೆ. ಹರಿಯುವ ಕರೆಂಟ್ ಒಂದು ಮಿಲಿಆಂಪಿಯರಿಗಿಂತ ಕಡಿಮೆಯಾದ್ದರಿಂದ ಬರೀ ಜುಮ್ಮೆನ್ನುತ್ತದೆ, ಅಷ್ಟೇ. ಅಂದರೆ ಅಂಗಡಿಯಿಂದ ಈಗಷ್ಟೇ ತಂದ, ಒಳಗೆ ಏನೂ ಕೆಡದ ಮಷಿನ್ ಕೂಡ ಜುಮ್ಮೆನ್ನಬಹುದು. ಕೆಟ್ಟಿರುವುದು ಗೋಡೆಯೊಳಗಿನ ಅರ್ಥಿಂಗ್. ನಾಳೆ ಇದೇ ಮಷಿನಿನ ಹೀಟರೋ ಮೋಟರೋ ಬಾಡಿಗೆ ಶಾರ್ಟ್ ಆದರೆ ಆಗ ಪೂರ್ತಿ 230 ವೋಲ್ಟ್ ಕೈಗೆ ಸಿಗುತ್ತದೆ. ಇಂದಿನ ಜುಮ್ ಅದರ ಮುನ್ಸೂಚನೆ.

ಹಾಗಾಗಿ ಮಷಿನ್ ಬಿಚ್ಚುವ ಮೊದಲು ಸಾಕೆಟ್ಟನ್ನು ಪರೀಕ್ಷಿಸಬೇಕು. ಇದು ಎಲೆಕ್ಟ್ರಿಷಿಯನ್ ಕೆಲಸ, ಆದರೆ ಮನೆಯವರು ಮೂರು ಅಂಕಿ ಕೇಳಿ ಬರೆದಿಟ್ಟುಕೊಳ್ಳಬಹುದು. ಫೇಸ್–ನ್ಯೂಟ್ರಲ್ ನಡುವೆ 230ರ ಆಸುಪಾಸು, ಫೇಸ್–ಅರ್ಥ್ ನಡುವೆ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್–ಅರ್ಥ್ ನಡುವೆ ಐದು ವೋಲ್ಟಿನೊಳಗೆ ಬರಬೇಕು. ಕೊನೆಯ ಅಂಕಿ ಐವತ್ತು ಅರವತ್ತು ದಾಟಿದರೆ ಅರ್ಥ್ ಎಲ್ಲೋ ಬಿಟ್ಟಿದೆ ಅಥವಾ ನ್ಯೂಟ್ರಲ್ ಸಡಿಲವಾಗಿದೆ. ಟೆಸ್ಟರ್ ಬಲ್ಬು ಉರಿಯಲಿಲ್ಲ ಎಂಬುದು ಅರ್ಥಿಂಗ್ ಸರಿಯಿದೆ ಎಂಬುದಕ್ಕೆ ಸಾಕ್ಷಿಯಲ್ಲ. ತ್ರೀ ಪಿನ್ ಪ್ಲಗ್ಗಿನ ದಪ್ಪ ಪಿನ್ ಉಳಿದೆರಡಕ್ಕಿಂತ ಉದ್ದ ಇರುವುದೇ ಅರ್ಥ್ ಮೊದಲು ಸೇರಲಿ, ಕೊನೆಗೆ ಬಿಡಲಿ ಎಂದು. ಅದನ್ನು ಟೂ ಪಿನ್ ಅಡಾಪ್ಟರಿಗೆ ಸಿಕ್ಕಿಸಿದ ಕ್ಷಣ ಆ ಏರ್ಪಾಡೆಲ್ಲ ವ್ಯರ್ಥ.

ಅರ್ಥ್ ಸಿಗದಿದ್ದಾಗ ಕೆಲವರು ಮಾಡುವ ಎರಡು ಅಡ್ಡದಾರಿಗಳನ್ನು ಹೆಸರಿಟ್ಟು ಹೇಳಲೇಬೇಕು. ಒಂದು, ಸಾಕೆಟ್ಟಿನ ಹಿಂದೆ ಅರ್ಥ್ ಪಿನ್ನಿಗೂ ನ್ಯೂಟ್ರಲ್ ಪಿನ್ನಿಗೂ ಚಿಕ್ಕ ತಂತಿ ಸೇರಿಸುವುದು. ಜುಮ್ ತಕ್ಷಣ ನಿಲ್ಲುತ್ತದೆ, ಮನೆಯವರಿಗೂ ಖುಷಿ. ಆದರೆ ಎಲ್ಲಾದರೂ ನ್ಯೂಟ್ರಲ್ ಕಳಚಿದರೆ ಮಷಿನಿನ ಬಾಡಿಯೇ ಫೇಸ್ ಆಗುತ್ತದೆ. ಇದು ಅರ್ಥಿಂಗ್ ಇಲ್ಲದ್ದಕ್ಕಿಂತಲೂ ಕೆಟ್ಟದ್ದು. ಎರಡು, ನಲ್ಲಿ ಪೈಪಿಗೆ ತಂತಿ ಸುತ್ತುವುದು. ಹಳೆಯ ಕಬ್ಬಿಣದ ಪೈಪಿನ ಕಾಲದ ಅಭ್ಯಾಸ ಅದು. ಈಗ ನಡುವೆ ಎಲ್ಲೋ ಪಿವಿಸಿ ಇರುತ್ತದೆ, ಸ್ನಾನದ ಮನೆಯ ನಲ್ಲಿಗೂ ಕರೆಂಟ್ ಹಂಚಿದಂತಾಗುತ್ತದೆ. ಬಯಲುಸೀಮೆಯಲ್ಲಿ ಅರ್ಥ್ ಗುಂಡಿ ಬೇಸಿಗೆಗೆ ಒಣಗಿ ಕೆಲಸ ಬಿಡುವುದೂ ಉಂಟು. ಅರ್ಥ್ ಪೈಪಿನ ಬಾಯಿಗೆ ವಾರಕ್ಕೊಮ್ಮೆ ಎರಡು ಕೊಡ ನೀರು ಸುರಿಯುವುದು ಹಳೆಯ ಪದ್ಧತಿ, ಇಂದಿಗೂ ಸರಿಯಾದದ್ದೇ. ತಂತಿಯ ನಟ್ಟು ತುಕ್ಕು ಹಿಡಿದಿದ್ದರೆ ಉಜ್ಜಿ ಬಿಗಿಸಬೇಕು.

ಇನ್ನು ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದ ಕೂಡಲೇ ತಾನೇ ಬೀಳುವ ಸ್ವಿಚ್. ಕರೆಂಟ್ ಮಿತಿಮೀರಿದರೆ ಬೀಳುವ ಎಂಸಿಬಿ ಇದೆಯಲ್ಲ ಎಂದು ನಿಶ್ಚಿಂತರಾಗುವವರು ಒಂದು ಲೆಕ್ಕ ನೋಡಿ. 16 ಆಂಪಿಯರ್ ಎಂಸಿಬಿ ಎಂದರೆ 16,000 ಮಿಲಿಆಂಪಿಯರ್ ದಾಟಿದ ಮೇಲಿನ ಮಾತು. ಮನುಷ್ಯನ ಎದೆಬಡಿತ ತಪ್ಪಿಸಲು ಅದರಲ್ಲಿ ಒಂದು ಸಣ್ಣ ಪಾಲು ಸಾಕು. ಎಂಸಿಬಿ ಕಾಯುವುದು ತಂತಿಯನ್ನು, ಆರ್‌ಸಿಸಿಬಿ ಕಾಯುವುದು ಜನರನ್ನು. ಮನೆಗೆ ಬೇಕಾದದ್ದು 30 ಮಿಲಿಆಂಪಿಯರಿನದು. 100 ಅಥವಾ 300 ಎಂದು ಬರೆದಿರುವುದು ಶಾಕ್ ತಡೆಯಲು ಸಾಲದು. ಅದರ ಮೇಲಿನ ‘ಟಿ’ (ಟೆಸ್ಟ್) ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ. ಟ್ರಿಪ್ ಆಗದಿದ್ದರೆ ಬದಲಿಸಿ. ಪದೇ ಪದೇ ಬೀಳುತ್ತದೆಂದು ಅದನ್ನೇ ಬೈಪಾಸ್ ಮಾಡಿಸಿಕೊಂಡ ಮನೆಗಳಿವೆ. ಬೊಗಳಿತೆಂದು ನಾಯಿಯನ್ನೇ ಓಡಿಸಿದ ಹಾಗೆ.

ಆರ್‌ಸಿಸಿಬಿ ಯಾವಾಗ ಬೀಳುತ್ತದೆ ಎಂಬುದರಲ್ಲೇ ದೋಷದ ವಿಳಾಸ ಇರುತ್ತದೆ. ತಣ್ಣೀರಿನ ವಾಶ್ ಪೂರ್ತಿ ಮುಗಿದು, ಬಿಸಿನೀರಿನ ವಾಶ್ ಇಟ್ಟ ಕೆಲ ನಿಮಿಷಕ್ಕೆ ಬಿದ್ದರೆ ಹೀಟರ್ ಕಾಯಿಲ್ ಸೋರುತ್ತಿದೆ. ಸ್ಪಿನ್ ಹೊತ್ತಿಗೆ ಬಿದ್ದರೆ ಮೋಟರ್ ಅಥವಾ ಅಲುಗಾಟಕ್ಕೆ ಉಜ್ಜಿಹೋದ ತಂತಿ. ನೀರು ಹೊರಹಾಕುವಾಗ ಬಿದ್ದರೆ ಡ್ರೈನ್ ಪಂಪ್. ಪ್ಲಗ್ ಹಾಕಿದ ಕೂಡಲೇ ಬಿದ್ದರೆ ಮೇನ್ ಕಾರ್ಡ್ ಅಥವಾ ನಾಯ್ಸ್ ಫಿಲ್ಟರ್. ಮನೆಯಲ್ಲಿ ಇಲಿ ಓಡಾಡುತ್ತಿದ್ದರೆ ಮೊದಲು ಅದರ ಹಲ್ಲಿನ ಗುರುತು ಹುಡುಕಿ. ಮಷಿನಿನ ತಳಕ್ಕೆ ಇಲಿ ಜಾಲರಿ ಹಾಕಿಸುವುದು ಮಷಿನಿನ ಎಲೆಕ್ಟ್ರಾನಿಕ್ ಬೋರ್ಡ್ ಬದಲಿಸುವುದಕ್ಕಿಂತ ಎಷ್ಟೋ ಅಗ್ಗ. 2,000 ವ್ಯಾಟಿನ ಹೀಟರ್ ಸರಿಯಿದ್ದರೆ, ತಂತಿ ಬಿಚ್ಚಿ ಅಳೆದಾಗ ಸುಮಾರು 26 ಓಮ್ ತೋರಿಸಬೇಕು, ಬಾಡಿಗೂ ಅದಕ್ಕೂ ನಡುವೆ ಮೆಗಾಓಮ್‌ಗಟ್ಟಲೆ, ಅಂದರೆ ಹತ್ತಾರು ಲಕ್ಷ ಓಮ್ ಇರಬೇಕು. ಎಷ್ಟೋ ಸಲ 26 ಓಮ್ ಬಂತೆಂದು ಹೀಟರಿಗೆ ಪಾಸ್ ಕೊಟ್ಟು, ಎರಡನೆಯ ಅಳತೆ ಬಿಟ್ಟು, ಬೋರ್ಡಿನ ಮೇಲೆ ತಪ್ಪು ಹೊರಿಸಲಾಗುತ್ತದೆ. ಸೆಮಿ ಆಟೊಮ್ಯಾಟಿಕ್‌ನಲ್ಲಿ ಶಾಕ್ ಬಂದರೆ ಡ್ರೈಯರಿನ ತಳದ ರಬ್ಬರ್ ಸೀಲ್ ನೋಡಬೇಕು. ಅದು ಹರಿದರೆ ನೀರು ನೇರ ಮೋಟರಿನ ಮೇಲೆ ತೊಟ್ಟಿಕ್ಕುತ್ತದೆ.

ಹೀಟರ್ ಸೀಳುವುದಕ್ಕೆ ನಮ್ಮ ಬೋರ್‌ವೆಲ್ ನೀರೇ ದೊಡ್ಡ ಕಾರಣ. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಸರಿ. ಆ ಮೇಲಿನ ಅಂಚಿನ ನೀರಿನಲ್ಲಿ ಬಿಸಿ ವಾಶ್ ಮಾಡಿದರೆ ಕಾಯಿಲ್ ಮೇಲೆ ಸುಣ್ಣದ ಕವಚ ಕಟ್ಟುತ್ತದೆ, ಶಾಖ ನೀರಿಗೆ ಇಳಿಯದೆ ಕಾಯಿಲ್ ತಾನೇ ಬೆಂದು ಸೀಳುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ಖಾಲಿ ಡ್ರಮ್ಮಿಗೆ ಸುಮಾರು 100 ಗ್ರಾಂ ಸಿಟ್ರಿಕ್ ಆಸಿಡ್, ಅಂದರೆ ನಿಂಬೆಉಪ್ಪು ಹಾಕಿ 60 ಡಿಗ್ರಿಯಲ್ಲಿ ಓಡಿಸಿದರೆ ಕವಚ ಕರಗುತ್ತದೆ. ಅದರ ಜೊತೆ ಬ್ಲೀಚ್ ಯಾವ ಕಾರಣಕ್ಕೂ ಬೇಡ, ಕ್ಲೋರಿನ್ ಅನಿಲ ಏಳುತ್ತದೆ.

ಉಳಿದಂತೆ ವಾಷಿಂಗ್ ಮಷಿನ್ ‘ಕೆಟ್ಟಿತು’ ಎನ್ನುವ ಎಷ್ಟೋ ಪ್ರಸಂಗಗಳು ನೀರಿನ ದಾರಿಯವು. ನೀರು ತುಂಬದಿದ್ದರೆ ಪ್ಲಗ್ ತೆಗೆದು, ನಲ್ಲಿ ಮುಚ್ಚಿ, ಹಿಂದಿನ ಇನ್‌ಲೆಟ್ ಪೈಪ್ ಬಿಚ್ಚಿ. ಒಳಗಿನ ಚಿಕ್ಕ ಜಾಲರಿಯಲ್ಲಿ ಟ್ಯಾಂಕರ್ ನೀರಿನ ಮರಳು ಕೂತಿರುತ್ತದೆ. ಇಕ್ಕಳದಿಂದ ಹಿಡಿದೆಳೆದರೆ ಬರುತ್ತದೆ, ಹಳೆಯ ಟೂತ್‌ಬ್ರಷ್‌ನಲ್ಲಿ ಉಜ್ಜಿ. ಮೇಲಿನ ಮಹಡಿಯವರಿಗೆ ಒತ್ತಡದ ತೊಂದರೆ: ಅನೇಕ ಮಷಿನ್‌ಗಳಿಗೆ 0.3 ಬಾರ್ ಬೇಕು, ಎಂದರೆ ಟ್ಯಾಂಕಿನ ತಳ ನಲ್ಲಿಗಿಂತ ಮೂರು ಮೀಟರ್ ಮೇಲಿರಬೇಕು. ತಾರಸಿಯ ಮೇಲೇ ಕೂತ ಟ್ಯಾಂಕಿಗೆ ಅಷ್ಟು ಎತ್ತರ ಸಿಗುವುದಿಲ್ಲ, ವಾಲ್ವ್ ಬದಲಿಸಿದರೂ ಫಲವಿಲ್ಲ.

ನೀರು ಹೋಗದಿದ್ದರೆ ಫ್ರಂಟ್ ಲೋಡಿನಲ್ಲಿ ಕೆಳಮೂಲೆಯ ಪುಟ್ಟ ಬಾಗಿಲು ತೆರೆದು, ನೀರು ತಣ್ಣಗಾದ ಮೇಲೆ, ತಟ್ಟೆ ಇಟ್ಟು ಫಿಲ್ಟರನ್ನು ನಿಧಾನವಾಗಿ ತಿರುಗಿಸಿ. ನಾಣ್ಯ, ಹೇರ್‌ಪಿನ್, ರವಿಕೆಯ ಹುಕ್ ಸಿಗುತ್ತವೆ. ಒಳಗಿನ ಪುಟ್ಟ ಚಕ್ರ ಕೈಯಲ್ಲಿ ತಿರುಗಿಸಿದಾಗ ತಡೆದು ತಡೆದು ಜಿಗಿಯುವುದು ಮ್ಯಾಗ್ನೆಟ್ಟಿನ ಗುಣ, ‘ಪಂಪ್ ಜಾಮ್’ ಅಲ್ಲ. ಎಷ್ಟು ತುಂಬಿದರೂ ನೀರು ನಿಲ್ಲದಿದ್ದರೆ ಡ್ರೈನ್ ಪೈಪ್ ನೆಲಕ್ಕೆ ಬಿದ್ದಿದೆಯೇ ನೋಡಿ. ಅದರ ಬಾಗು 60ರಿಂದ 100 ಸೆಂಟಿಮೀಟರ್ ಎತ್ತರದಲ್ಲಿರಬೇಕು, ಇಲ್ಲವಾದರೆ ನೀರು ಸೈಫನ್ ಆಗಿ ತಾನೇ ಹರಿದುಹೋಗುತ್ತದೆ. ಹೊಸ ಮಷಿನ್ ಸ್ಪಿನ್‌ನಲ್ಲಿ ಕುಣಿದರೆ ಹಿಂಬದಿಯ ಸಾಗಣೆ ಬೋಲ್ಟ್‌ಗಳನ್ನು ತೆಗೆದಿದ್ದಾರೆಯೇ ನೋಡಿ.

ಅಡುಗೆಮನೆಗೆ ಬಂದರೆ, ಮಿಕ್ಸಿ ನಡುವೆ ನಿಂತುಹೋದರೆ ತಳದ ಕೆಂಪು ಗುಂಡಿ ಒತ್ತುವ ಆತುರ ಬೇಡ. ಅದು ಬಿದ್ದದ್ದು ಮೋಟರ್ ಹೆಚ್ಚು ಕರೆಂಟ್ ಎಳೆದದ್ದರಿಂದ. ಪ್ಲಗ್ ತೆಗೆದು, ಜಾರ್ ಎತ್ತಿಟ್ಟು, ಹತ್ತು ನಿಮಿಷ ಆರಲು ಬಿಡಿ. ಜಾರಿನ ಕೆಳಗಿನ ಕಪ್ಲರನ್ನು, ಅಂದರೆ ಮೋಟರಿಗೆ ಸಿಕ್ಕಿಕೊಳ್ಳುವ ಹಲ್ಲಿನ ಭಾಗವನ್ನು ಬೆರಳಲ್ಲಿ ತಿರುಗಿಸಿ. ಬಿಗಿಯಾಗಿದ್ದರೆ ದೋಷ ಬ್ಲೇಡಿನ ಕಡ್ಡಿ ತಿರುಗುವ ಜಾರಿನ ಬುಶ್‌ನದು. ಅದರ ವಾಷರ್ ಸವೆದರೆ ಚಟ್ನಿಯ ನೀರು ಮೋಟರಿನ ಬೇರಿಂಗಿಗೆ ಇಳಿಯುತ್ತದೆ. ಸಣ್ಣ ವಾಷರ್ ಉಳಿಸಲು ಹೋಗಿ ಮೋಟರ್ ಸುಟ್ಟುಕೊಳ್ಳುವುದು ಹೀಗೆ. ಮೋಟರ್ ಕಪ್ಲರಿನ ಹಲ್ಲು ಸವೆದರೆ ಬದಲಿಸಿ, ಗಟ್ಟಿ ಲೋಹದ್ದು ಹಾಕಿಸಬೇಡಿ: ಜಾಮ್ ಆದಾಗ ಮೋಟರಿಗಿಂತ ಮೊದಲು ತಾನು ಮುರಿಯಲೆಂದೇ ಅದನ್ನು ಮೆತ್ತಗೆ ಮಾಡಿರುತ್ತಾರೆ. ಬಿಚ್ಚುವಾಗ ತಳದಿಂದ ಶಾಫ್ಟನ್ನು ಸ್ಕ್ರೂಡ್ರೈವರಿನಲ್ಲಿ ಹಿಡಿದು, ಮಿಕ್ಸಿ ಯಾವ ದಿಕ್ಕಿಗೆ ತಿರುಗುತ್ತದೋ ಅದೇ ದಿಕ್ಕಿಗೆ ಕಪ್ಲರ್ ತಿರುಗಿಸಬೇಕು. ವಿರುದ್ಧ ದಿಕ್ಕು ಇನ್ನಷ್ಟು ಬಿಗಿಯುತ್ತದೆ. ಗಾಳಿಕಿಂಡಿಯಲ್ಲಿ ಕಿಡಿ ಸುತ್ತಲೂ ಬಳೆಯಂತೆ ಕಂಡರೆ ಕಾರ್ಬನ್ ಬ್ರಷ್ ಮುಗಿದಿರಬಹುದು, ಮುಗಿದಿದ್ದರೆ ಎರಡನ್ನೂ ಒಟ್ಟಿಗೇ ಬದಲಿಸಿ.

ಗ್ರೈಂಡರ್ ಗುಂಯ್ ಎಂದು ತಿರುಗದಿದ್ದರೆ ತಕ್ಷಣ ಸ್ವಿಚ್ ಆರಿಸಿ. ಪ್ಲಗ್ ತೆಗೆದು ಕೈಯಲ್ಲಿ ಡ್ರಮ್ ತಿರುಗಿಸಿ. ಸಲೀಸಾಗಿ ತಿರುಗಿದರೆ ಬಹುಪಾಲು ಕೆಪಾಸಿಟರ್ ಸತ್ತಿದೆ. ಹಳೆಯದರ ಮೇಲೆ ಬರೆದ ಅದೇ ಮೈಕ್ರೋಫ್ಯಾರಡ್, 440 ವೋಲ್ಟಿನದೇ ತನ್ನಿ. ಹೆಚ್ಚಿನದು ಹಾಕಿದರೆ ಜೋರಾಗಿ ಓಡುವುದಿಲ್ಲ, ಮೋಟರ್ ಸುಡುತ್ತದೆ. ಪ್ಲಗ್ ತೆಗೆದ ಮೇಲೂ ಕೆಪಾಸಿಟರಿನಲ್ಲಿ ಚಾರ್ಜ್ ಇರಬಹುದಾದ್ದರಿಂದ ಟರ್ಮಿನಲ್ ಮುಟ್ಟಬಾರದು. ತಿರುಗುತ್ತದೆ ಆದರೆ ಹಿಟ್ಟು ಹಾಕಿದರೆ ನಿಲ್ಲುತ್ತದೆ ಎಂದರೆ ಬೆಲ್ಟ್ ಸಡಿಲ, ಇಲ್ಲವೇ ವೋಲ್ಟೇಜ್ ಕಡಿಮೆ. ಇಂಥ ಮೋಟರಿನ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ: 180 ವೋಲ್ಟಿನಲ್ಲಿ ಉಳಿಯುವುದು ಶೇ 61. ಸಂಜೆ ಏಳಕ್ಕೆ ನಿಲ್ಲುವ ಗ್ರೈಂಡರ್ ಬೆಳಿಗ್ಗೆ ಐದಕ್ಕೆ ಚೆನ್ನಾಗಿ ರುಬ್ಬಿದರೆ ರಿಪೇರಿ ಬೇಕಾದದ್ದು ಗ್ರೈಂಡರಿಗಲ್ಲ.

ಪ್ಲಗ್ಗಿನ ಒಂದು ಪಿನ್ ಕಪ್ಪಾಗಿದ್ದರೆ ಪ್ಲಗ್ ಜೊತೆಗೆ ಸಾಕೆಟ್ಟನ್ನೂ ಬದಲಿಸಬೇಕು. ಸಡಿಲ ಸಾಕೆಟ್ ಹೊಸ ಪ್ಲಗ್ಗನ್ನೂ ಸುಡುತ್ತದೆ.

ಮನೆಯಲ್ಲಿ ಬಿಚ್ಚಲೇಬಾರದ ಮೂರಿವೆ. ಮೈಕ್ರೋವೇವಿನ ಕೆಪಾಸಿಟರ್ ಎರಡು ಸಾವಿರ ವೋಲ್ಟಿನ ಸುಮಾರಿಗೆ ಕೆಲಸ ಮಾಡುತ್ತದೆ, ಪ್ಲಗ್ ತೆಗೆದ ಮೇಲೂ ಕೊಲ್ಲಬಲ್ಲದು. ಇಂಡಕ್ಷನ್ ಒಲೆಯೊಳಗೆ ಮುನ್ನೂರು ವೋಲ್ಟಿನ ಡಿಸಿ ಇರುತ್ತದೆ. ಹೊಸ ಫ್ರಿಜ್‌ಗಳಲ್ಲಿ ಆರ್600ಎ ಎಂದು ಬರೆದಿದ್ದರೆ ಅದು ಐಸೊಬ್ಯೂಟೇನ್, ಹೊತ್ತಿಕೊಳ್ಳುವ ಅನಿಲ. ಕಿಟಕಿ ಮುಚ್ಚಿದ ಅಡುಗೆಮನೆಯಲ್ಲಿ ಬೆಸುಗೆ ಹಾಕಲು ಬಂದವರನ್ನು ತಡೆಯಿರಿ.

ಮೆಕ್ಯಾನಿಕ್ ಬೋರ್ಡ್ ಬದಲಿಸಬೇಕು ಎಂದಾಗ ಯಾವ ಅಳತೆಯಿಂದ ಹಾಗೆನ್ನುತ್ತೀರಿ ಎಂದು ಕೇಳಿ, ಬಿಲ್ಲಿನಲ್ಲಿ ಭಾಗದ ಸಂಖ್ಯೆ ಬರೆಸಿ, ಹಳೆಯ ಬೋರ್ಡ್ ವಾಪಸ್ ಪಡೆಯಿರಿ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ‘ರೈಟ್ ಟು ರಿಪೇರ್’ (ರಿಪೇರಿಯ ಹಕ್ಕು) ಪೋರ್ಟಲ್ ಆರಂಭಿಸಿದೆ. ಬಿಡಿಭಾಗ, ವಾರಂಟಿಯ ತಕರಾರಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಪತ್ರಿಕೆಯ ಮನೆ ಪುಟದಲ್ಲಿ ಮಳೆಗಾಲದ ಸಲಹೆ ಅಚ್ಚಾಗುವಾಗ ಚಪ್ಪಲಿಯ ಜಾಗದಲ್ಲಿ ‘ಟಿ’ ಗುಂಡಿಯ ಚಿತ್ರ ಹಾಕಬೇಕೆಂದು ಕೋರಿಕೆ.

— ಒಬ್ಬ ಎಲೆಕ್ಟ್ರಿಕಲ್ ಸೂಪರ್‌ವೈಸರ್, ತುಮಕೂರು