ಕೈ ಬಿಡದ ರವಿವಾರಗಳಿಗೆ

ಹೋದ ರವಿವಾರ ಸಂಜೆ ಐದೂವರೆಗೆ ಬೆಳಗಾವಿಯ ಅನಗೋಳದಲ್ಲಿ, ಸಾರ್ಜೆಂಟ್ ಕಾಕಾನ ಪಡಸಾಲೆಯೊಳಗೆ, ನಾನು ಜೋಡಿಸಿದ ಮಿಸ್ಟೇರ್ ಯುದ್ಧವಿಮಾನದ ಪುಟ್ಟ ಮಾದರಿ ತನ್ನ ಮೂರು ಗಾಲಿಗಳ ಮೇಲೆ ನಿಂತಿತು. ಉದ್ದ 18 ಸೆಂಟಿಮೀಟರ್‌ಗೆ ತುಸು ಕಡಿಮೆ, ರೆಕ್ಕೆಯ ಈ ತುದಿಯಿಂದ ಆ ತುದಿಗೆ 15 ಸೆಂಟಿಮೀಟರ್ ಚಿಲ್ಲರೆ. 1/72 ಅಳತೆ, ಅಂದರೆ ನಿಜವಾದ ವಿಮಾನದ ಎಪ್ಪತ್ತೆರಡನೇ ಒಂದು ಪಾಲು. ಅಂಗೈಯಲ್ಲಿ ಕೂಡುವ ಈ ಪ್ಲಾಸ್ಟಿಕ್ ವಿಮಾನಕ್ಕೆ ನನಗೆ ಒಂಬತ್ತು ತಿಂಗಳು ಹಿಡಿಯಿತು. ಎರಡೂ ಕೈ ನೆಟ್ಟಗಿದ್ದಾಗ ಇಂಥದ್ದನ್ನು ಐದಾರು ರವಿವಾರಗಳಲ್ಲಿ ಮುಗಿಸುತ್ತಿದ್ದೆ.

ರವಿವಾರ ಕಾಕಾನ ಮನೆಯಲ್ಲಿ ಕೂಡಿ ಮಾದರಿ ವಿಮಾನ ಮಾಡುವ ಗೆಳೆಯರೇ, ನಿಮಗೆಲ್ಲ ಅಲ್ಲೇ ಒಂದು ಮಾತು ಹೇಳಬೇಕೆಂದು ಎದ್ದು ನಿಂತೆ. ಗಂಟಲು ಕಟ್ಟಿತು. ಚಹಾ ಬಂತು, ಮಾತು ಹಾಗೇ ಉಳಿಯಿತು. ಅದಕ್ಕೇ ನಾಲ್ಕು ಮಂದಿಗೆ ಕಾಣುವಂತೆ ಇಲ್ಲಿ ಬರೆಯುತ್ತಿದ್ದೇನೆ.

ನನ್ನನ್ನು ಅರಿಯದವರಿಗಾಗಿ ಹೇಳುತ್ತೇನೆ: ಬೆಳಗಾವಿಯ ಉದ್ಯಮಬಾಗದಲ್ಲಿ ಇಪ್ಪತ್ತೆರಡು ವರ್ಷದಿಂದ ಲೋಹ ಕಡೆಯುವ ಲೇಥ್ ಯಂತ್ರದ ಮೇಲೆ ದುಡಿಯುವ ಟರ್ನರ್ ನಾನು. ಹೋದ ಶ್ರಾವಣದಲ್ಲಿ ಒಂದು ದಿನ ಡ್ರಿಲ್ ಮಷೀನಿನ ಆಳು ಬಂದಿರಲಿಲ್ಲ, ಕೆಲಸ ನಿಂತಿತ್ತು, ನಾನೇ ನಿಂತೆ. ಕೈಯಲ್ಲಿ ಹತ್ತಿಯ ಗ್ಲೌಸ್ ಇತ್ತು. ತಿರುಗುವ ಡ್ರಿಲ್ ಮುಂದೆ ಗ್ಲೌಸ್ ಹಾಕಬಾರದು ಅಂತ ಹೊಸ ಹುಡುಗರಿಗೆ ಮೊದಲ ದಿನವೇ ಹೇಳಿಕೊಡುವವನು ನಾನೇ. ದಾರದ ಎಳೆ ಬಿಟ್‌ಗೆ ಸುತ್ತಿಕೊಂಡಿತು ಅಂದರೆ ಬಟ್ಟೆ ಹರಿಯುವ ಮೊದಲೇ ಕೈ ಒಳಗೆ ಹೋಗಿರುತ್ತದೆ. ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳು ಮಡಚುವ ಸ್ನಾಯುವಿನ ಹುರಿಗಳು, ಡಾಕ್ಟರ ಭಾಷೆಯಲ್ಲಿ ಟೆಂಡನ್, ಎರಡೂ ಕಡಿದವು. ಹೊಲಿದರು. ಆರು ವಾರ ಪಟ್ಟಿಯೊಳಗೆ ಕೈ. ಆಮೇಲೆ ಬೆರಳು ಮಡಚುವುದನ್ನು ಮೊದಲಿಂದ ಕಲಿಯಬೇಕಾಯಿತು. ತಟ್ಟೆಯಲ್ಲಿ ಅಲಸಂದಿ ಕಾಳು ಹರಡಿ ಒಂದೊಂದೇ ಹೆಕ್ಕು ಅಂದರು ಫಿಜಿಯೋಥೆರಪಿ ಮಾಡುವ ಅಕ್ಕ. ಮೊದಲ ದಿನ ಅರ್ಧ ಗಂಟೆಯಲ್ಲಿ ನಾನು ಹೆಕ್ಕಿದ್ದು ಏಳು ಕಾಳು. ಮೈಕ್ರೋಮೀಟರ್‌ನಲ್ಲಿ ನೂರನೇ ಒಂದು ಮಿಲಿಮೀಟರ್ ಹಿಡಿಯುತ್ತಿದ್ದ ಕೈ ಅದು. ಆ ರಾತ್ರಿ ಊಟ ಸೇರಲಿಲ್ಲ.

ಅರ್ಧಕ್ಕೆ ನಿಂತ ವಿಮಾನದ ಬಿಡಿಭಾಗಗಳ ಕಿಟ್ಟು, ಬಣ್ಣದ ಬಾಟಲಿ, ಗಾಳಿಯಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್, ಎಲ್ಲವನ್ನೂ ಚೀಲಕ್ಕೆ ತುಂಬಿ ಮಗನ ಕೈಯಲ್ಲಿ ಕಾಕಾನ ಮನೆಗೆ ಕಳಿಸಿಬಿಟ್ಟೆ. ಯಾರಿಗಾದರೂ ಕೊಟ್ಟುಬಿಡಿ ಅಂತ ಹೇಳಿ ಕಳಿಸಿದ್ದೆ. ಸಂಜೆ ಕಾಕಾ ಅದೇ ಚೀಲ ಹಿಡಿದು ನಮ್ಮ ಮನೆ ಬಾಗಿಲಲ್ಲಿ ನಿಂತಿದ್ದರು.

“ರವಿವಾರ ಬಾ.”

“ಕಾಕಾ, ನನ್ನಿಂದ ಆಗಂಗಿಲ್ರಿ.”

“ಮಾಡಂತ ಯಾರ ಹೇಳ್ಯಾರ? ಬಂದ ಕುಂದ್ರು.”

ಸಾರ್ಜೆಂಟ್ ಕಾಕಾ ವಾಯುಪಡೆಯಲ್ಲಿ ಏರ್‌ಫ್ರೇಮ್ ಫಿಟ್ಟರ್, ಅಂದರೆ ವಿಮಾನದ ಮೈಕಟ್ಟು ನೋಡಿಕೊಳ್ಳುವ ಕೆಲಸಗಾರ, ಆಗಿದ್ದವರು. ನಮ್ಮ ಸಾಂಬ್ರಾದ ಏರ್‌ಮನ್ ಟ್ರೇನಿಂಗ್ ಸ್ಕೂಲಿನಲ್ಲೇ ಹದಿನೆಂಟರ ವಯಸ್ಸಿನಲ್ಲಿ ಪರೇಡ್ ಮಾಡಿ, ಮುಂದೆ ಬೇರೆ ಬೇರೆ ಕಡೆ ಮಿಗ್-21ರ ಹೊಟ್ಟೆ ಕೆಳಗೆ ಮಲಗಿ ವರ್ಷಗಟ್ಟಲೆ ರಿವಿಟ್ ನೋಡಿದವರು. 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್-21ಕ್ಕೆ ಬೀಳ್ಕೊಡುಗೆ ಆಯಿತಲ್ಲ, 1963ರಲ್ಲಿ ಸೇವೆಗೆ ಬಂದ ವಿಮಾನಕ್ಕೆ 62 ವರ್ಷದ ಮೇಲೆ, ಆವತ್ತು ಟೀವಿ ಮುಂದೆ ನಾವಿಬ್ಬರೇ ಕೂತಿದ್ದೆವು. ನನ್ನ ಕೈ ಪಟ್ಟಿಯಲ್ಲಿತ್ತು. ಕಾಕಾ ತಾವು ಮಾಡಿದ ಪುಟ್ಟ ಮಿಗ್ಗನ್ನು ಗಾಜಿನ ಕಪಾಟಿನಿಂದ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಕಾರ್ಯಕ್ರಮ ಮುಗಿಯುವ ತನಕ ಅದರ ಮೂತಿಯನ್ನು ಹೆಬ್ಬೆರಳಿನಿಂದ ಸವರುತ್ತಿದ್ದರು. ಒಂದೂ ಮಾತಾಡಲಿಲ್ಲ. ಕಳೆದುಕೊಂಡವನ ಪಕ್ಕ ಸುಮ್ಮನೆ ಕೂಡುವುದು ಎಷ್ಟು ದೊಡ್ಡದು ಅಂತ ನನಗೆ ತಿಳಿದದ್ದು ಆವತ್ತು. ಅವರು ನನ್ನ ಪಕ್ಕ ಕೂತದ್ದು ಹಾಗೆಯೇ, ರವಿವಾರದ ಮೇಲೆ ರವಿವಾರ.

ಕಿಟ್ಟು ಯಾವುದು ಅಂತ ಹೇಳಬೇಕು, ಯಾಕೆಂದರೆ ಬೇರೆ ಯಾವುದಾದರೂ ಆಗಿದ್ದರೆ ಬಿಟ್ಟೇಬಿಡುತ್ತಿದ್ದೆನೋ ಏನೋ. ನಮ್ಮ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರು ಹಾರಿಸಿದ್ದು ಮಿಸ್ಟೇರ್ 4ಎ, ಫ್ರಾನ್ಸಿನ ದಸೋ ಕಂಪನಿಯ ಜೆಟ್. 1965ರ ಸೆಪ್ಟೆಂಬರ್ 7ರ ನಸುಕಿನಲ್ಲಿ ನಮ್ಮ ಮಿಸ್ಟೇರ್‌ಗಳು ಆದಂಪುರದಿಂದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೊರಟಾಗ ಅವರದು ಮೀಸಲು ವಿಮಾನ. ಯಾರಾದರೂ ತಪ್ಪಿದರೆ ಮಾತ್ರ ಹೋಗಬೇಕಾದದ್ದು. ಒಬ್ಬರು ತಪ್ಪಿದರು, ಇವರು ಸೇರಿಕೊಂಡರು. ಪಾಕಿಸ್ತಾನದ ಎಫ್-104 ಸ್ಟಾರ್‌ಫೈಟರ್ ಅಡ್ಡ ಬಂತು. ಶಬ್ದದ ಎರಡು ಪಟ್ಟು ವೇಗದ್ದು ಅದು, ಮಿಸ್ಟೇರ್ ಅದರ ಅರ್ಧಕ್ಕೂ ಸರಿಯಾಗಿ ಮುಟ್ಟದ ವಿಮಾನ. ಏಟು ತಿಂದ ಮೇಲೂ ದೇವಯ್ಯನವರು ತಿರುಗಿ ಬಿದ್ದರು. ಸ್ಟಾರ್‌ಫೈಟರ್ ನೆಲ ಕಂಡಿತು, ಅದರ ಪೈಲಟ್ ಪ್ಯಾರಾಚೂಟ್ ಹಿಡಿದು ಇಳಿದ. ದೇವಯ್ಯನವರು ಮಾತ್ರ ಮರಳಲಿಲ್ಲ. ಅವರು ಮಾಡಿದ್ದೇನು ಅಂತ ನಮ್ಮ ಕಡೆ ಬಹಳ ವರ್ಷ ಯಾರಿಗೂ ತಿಳಿಯಲಿಲ್ಲ. ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷದ ನಂತರ. ಅವರ ಮನೆಯವರು ಆ 23 ವರ್ಷ ಹೇಗೆ ಕಳೆದರೋ ಎಂದು ನೆನೆದಾಗೆಲ್ಲ, ಯಾರಿಗೆ ಏನು ಹೇಳಬೇಕೋ ಅದನ್ನು ತಡ ಮಾಡಬಾರದು ಅನ್ನಿಸುತ್ತದೆ.

ಮೊದಲ ಎರಡು ತಿಂಗಳು ನಾನು ಬರೀ ನೋಡುಗ. ಕುಂದಾದ ಖಾಲಿ ಡಬ್ಬಿಗಳಲ್ಲಿ ನನ್ನ ಬಿಡಿಭಾಗಗಳು ಮುಚ್ಚಳ ಹಾಕಿಕೊಂಡು ಕೂತಿದ್ದವು. ಒಂದು ರವಿವಾರ ಶಹಾಪುರದ ಪತ್ತಾರ ಮಾಮಾ ತಮ್ಮ ಅಂಗಡಿಯ ಚಿಮಟವೊಂದನ್ನು ಕಾಗದದಲ್ಲಿ ಸುತ್ತಿ ತಂದರು. ಬಂಗಾರ ಬೆಸೆಯುವಾಗ ಬಳಸುವಂಥದ್ದು. ಸಾಮಾನ್ಯ ಚಿಮಟ ಒತ್ತಿದರೆ ಹಿಡಿಯುತ್ತದೆ, ಇದು ಒತ್ತಿದರೆ ಬಾಯಿ ತೆರೆಯುತ್ತದೆ, ಬಿಟ್ಟರೆ ತಾನೇ ಕಚ್ಚಿಕೊಳ್ಳುತ್ತದೆ. ನನ್ನ ಬೆರಳಿಗೆ ಹಿಡಿದಿಡುವ ಶಕ್ತಿ ಇರಲಿಲ್ಲ, ಒಂದು ಸಲ ಒತ್ತುವಷ್ಟು ಇತ್ತು. “ಹಿಡಿಯೂದು ಅದಕ್ಕ ಬಿಡು, ನೀ ಬಿಡೂದಷ್ಟ ಮಾಡು” ಅಂದರು ಮಾಮಾ. ಆ ದಿನ ಕಾಕ್‌ಪಿಟ್‌ನ ಕಂಟ್ರೋಲ್ ಸ್ಟಿಕ್ಕು, ಬತ್ತದ ಕಾಳಿಗಿಂತ ಸಣ್ಣದು, ಅದರ ಕುಳಿಯೊಳಗೆ ನಾನೇ ಕೂರಿಸಿದೆ. ಮಾಮಾ, ಆ ಚಿಮಟ ಇನ್ನೂ ನನ್ನ ಹತ್ತಿರವೇ ಇದೆ. ವಾಪಸ್ ಕೇಳಿಲ್ಲ ನೀವು.

ಬ್ರಷ್ಷು, ಚಾಕು ಹಿಡಿಯುವುದು ಬೇರೆ ಕಷ್ಟ. ಸಣ್ಣ ಹಿಡಿಕೆ ಬೆರಳಿಗೆ ಸಿಗುತ್ತಿರಲಿಲ್ಲ. ಡೆಂಟಲ್ ಲ್ಯಾಬಿನ ನಮ್ಮ ದೋಸ್ತ ನನ್ನ ಮುಷ್ಟಿಯ ಅಚ್ಚು ತೆಗೆದು, ಹಲ್ಲಿನ ಕವಳಿ ಮಾಡುವ ಅಕ್ರಿಲಿಕ್‌ನಿಂದಲೇ ಮೂರು ದಪ್ಪ ಹಿಡಿಕೆ ಮಾಡಿ ತಂದ. ಒಂದರ ಮೇಲೆ ನನ್ನ ಹೆಬ್ಬೆರಳಿನ ಗುರುತು ಸ್ಪಷ್ಟ ಕಾಣುತ್ತದೆ. ಇಂಜಿನಿಯರಿಂಗ್ ಓದುವ ನಮ್ಮ ತಂಗಿ ವಿಮಾನವನ್ನು ಮಲಗಿಸಿ ಹಿಡಿಯುವ ಒಂದು ತೊಟ್ಟಿಲು ಮಾಡಿದಳು. ಫೋಮ್ ಹಾಳೆ ಕತ್ತರಿಸಿ ಮಾಡಿದ್ದು, ಎಡಗೈ ಅಷ್ಟರ ಮಟ್ಟಿಗೆ ಖಾಲಿ ಆಯಿತು. ಪರೀಕ್ಷೆಯ ಹಿಂದಿನ ದಿನವೂ ಒಂದು ತಾಸು ಬಂದು ಹೋದವಳು ಅವಳು. ಮೂತಿಯಲ್ಲಿ ತೂಕ ಇಲ್ಲದಿದ್ದರೆ ಈ ವಿಮಾನ ಬಾಲದ ಮೇಲೆ ಕೂತುಬಿಡುತ್ತದೆ. ನನ್ನ ಲೇಥಿನ ಮೇಲೆ ಈಗ ನಿಲ್ಲುವ ಹುಡುಗ ಆ ಪುಟ್ಟ ಹಿತ್ತಾಳೆ ತುಂಡನ್ನು ಟರ್ನ್ ಮಾಡಿ ಕೊಟ್ಟ. ಅಳತೆ ಬರೆದುಕೊಟ್ಟದ್ದು ನಾನು, ಎಡಗೈಯಿಂದ. ಮೂತಿಯ ಕೆಳಗಿನ ಎರಡು ತೋಪುಗಳ ಬಾಯಿಯ ಲೆಕ್ಕವೂ ನನ್ನದೇ: ನಿಜದ ತೋಪು 30 ಮಿಲಿಮೀಟರ್, 72ರಿಂದ ಭಾಗಿಸಿದರೆ 0.42. 22 ಗೇಜಿನ ಇಂಜೆಕ್ಷನ್ ಸೂಜಿಯ ಒಳತೂತು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಆಸ್ಪತ್ರೆಯಲ್ಲಿ ಚುಚ್ಚಿಸಿಕೊಂಡು ಸಾಕಾಗಿದ್ದ ವಸ್ತು ಒಂದು ಕೆಲಸಕ್ಕೆ ಬಂತು.

ಬಣ್ಣದ ವಿಷಯಕ್ಕೆ ಬರುತ್ತೇನೆ, ಇಲ್ಲಿ ಪೇಂಟರ್ ಅಣ್ಣನ ಋಣ ದೊಡ್ಡದು. ಅಂಗಡಿ ಬೋರ್ಡು ಬರೆಯುತ್ತ ಬದುಕಿದವರು, ಫ್ಲೆಕ್ಸ್ ಬಂದ ಮೇಲೂ ಕುಂಚ ಬಿಡದವರು. ನಾನು ಆರಿಸಿದ್ದು ಬರೀ ಅಲ್ಯೂಮಿನಿಯಂ ಮೈಯ ಮಿಸ್ಟೇರ್. ಹಸಿರು ಕಂದು ಬಣ್ಣ ಹಾಕಿದರೆ ಸಣ್ಣ ಗೀರು ಅಡಗುತ್ತದೆ, ಬೆಳ್ಳಿಯಲ್ಲಿ ಏನೂ ಅಡಗುವುದಿಲ್ಲ. ರೆಕ್ಕೆ ಮೈಗೆ ಕೂಡುವ ಸಂದಿಯಲ್ಲಿ ಪುಟ್ಟಿ ತುಂಬಿ 400 ನಂಬರಿನ ಉಜ್ಜುಕಾಗದ, ಆಮೇಲೆ 800, 1500, ಕೊನೆಗೆ 2000, ನೀರು ಹಚ್ಚಿ ಉಜ್ಜಬೇಕು. ಉಜ್ಜುವುದು ನನ್ನ ಕೈಗೆ ಒಳ್ಳೆಯ ವ್ಯಾಯಾಮವಾಯಿತು, ಅದನ್ನು ಫಿಜಿಯೋ ಅಕ್ಕನೂ ಒಪ್ಪಿದರು. ಅದರ ಮೇಲೆ ಹೊಳೆಯುವ ಕರಿ ಬಣ್ಣ, ಅದು ಕನ್ನಡಿಯಂತಾದ ಮೇಲೆ ಅಲ್ಯೂಮಿನಿಯಂ. ಬಣ್ಣ ಹಾಲಿನ ಹದಕ್ಕೆ ತೆಳುವಾಗಿರಬೇಕು, ಗಾಳಿಯ ಒತ್ತಡ 15 ಪಿಎಸ್‌ಐ ಆಸುಪಾಸು, ಒಂದೇ ಕಡೆ ಕೈ ನಿಲ್ಲಬಾರದು. ಏರ್‌ಬ್ರಷ್ಷಿನ ಗುಂಡಿ ಒತ್ತುವುದು ತೋರುಬೆರಳು, ಅದೇ ನನ್ನ ಬಡ ಬೆರಳು. ಅಣ್ಣ ನಡುಬೆರಳಿನಿಂದ ಒತ್ತುವುದನ್ನು ಮೊದಲು ತಾವೇ ನಾಲ್ಕು ದಿನ ಮಾಡಿ ನೋಡಿ, ನಂತರ ನನಗೆ ಹೇಳಿಕೊಟ್ಟರು.

ಏಪ್ರಿಲ್‌ನಲ್ಲಿ ಅಡ್ಡಮಳೆ ಬಿದ್ದ ಸಂಜೆ ನಾನು ತಡೆಯಲಾಗದೆ ಮನೆಯಲ್ಲೇ ಬಣ್ಣದ ಮೇಲಿನ ಹೊಳಪಿನ ಲ್ಯಾಕರ್ ಹೊಡೆದೆ. ಐದು ನಿಮಿಷದಲ್ಲಿ ಇಡೀ ಬೆನ್ನು ಮಂಜು ಕವಿದಂತೆ ಬೆಳ್ಳಗಾಯಿತು. ತಿನ್ನರ್ ಆರುವಾಗ ಮೈ ತಣ್ಣಗಾಗುತ್ತದೆ, ಹಸಿ ಗಾಳಿಯ ನೀರು ಅದರ ಮೇಲೆ ಕೂತು ಒಳಗೆ ಸಿಕ್ಕಿಬೀಳುತ್ತದೆ. ಏಳು ತಿಂಗಳ ಕೆಲಸ. ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿದೆ, ದನಿ ಸರಿ ಇರಲಿಲ್ಲ ನನ್ನದು. ಅಣ್ಣ ಸ್ಕೂಟರ್ ಹತ್ತಿ ಬಂದರು. ನೋಡಿದರು. “ಏನೂ ಆಗಿಲ್ಲ. ಮುಟ್ಟಬ್ಯಾಡ. ಬಿಸಲ ಬೀಳಲಿ.” ಎರಡು ದಿನ ಬಿಟ್ಟು, ಒಣ ಬಿಸಿಲಿನ ಮಧ್ಯಾಹ್ನ, ತಡವಾಗಿ ಆರುವ ತಿನ್ನರನ್ನು ಮಂಜಿನಂತೆ ಒಂದು ಸಲ ತೇಲಿಸಿದೆವು. ಬಿಳುಪು ಕರಗುತ್ತ ಹೋಯಿತು, ಕೆಳಗಿನಿಂದ ಬೆಳ್ಳಿ ಎದ್ದು ಬಂತು. ಏರ್‌ಬ್ರಷ್ ನನ್ನ ಕೈಯಲ್ಲೇ ಇತ್ತು. ಅವರು ಹಿಂದೆ ನಿಂತಿದ್ದರು.

ಕೊನೆಯದು ಡೆಕಾಲ್, ಅಂದರೆ ನೀರಿನಲ್ಲಿ ನೆನೆಸಿ ಅಂಟಿಸುವ ಗುರುತು. ವಾಯುಪಡೆಯ ಕೇಸರಿ, ಬಿಳಿ, ಹಸಿರಿನ ವೃತ್ತ, ಕೂದಲಿಗಿಂತ ತೆಳುವಾದ ಪೊರೆ. ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ಕಾಗದದಿಂದ ಜಾರುವ ತನಕ ಕಾದು, ರೆಕ್ಕೆಯ ಮೇಲೆ ಇಳಿಸಬೇಕು. ಮಡಚಿಕೊಂಡರೆ ಹೋಯಿತು, ಬೇರೆ ಇಲ್ಲ. ನಾಲ್ಕು ವೃತ್ತಗಳಲ್ಲಿ ಮೂರು ಕೂತವು. ಎಡ ರೆಕ್ಕೆಯ ಮೇಲಿನದು ಬ್ರಷ್ಷಿಗೆ ಸುತ್ತಿಕೊಂಡಿತು. ಕೈ ನಡುಗಲು ಶುರುವಾಯಿತು. ಮೇಜಿನ ಸುತ್ತ ಐದು ಮಂದಿ ಇದ್ದಿರಿ. ನಿಮ್ಮಲ್ಲಿ ಯಾರು ಕೈ ಚಾಚಿದ್ದರೂ ಅರ್ಧ ನಿಮಿಷದ ಕೆಲಸ, ಪತ್ತಾರ ಮಾಮಾನಿಗಂತೂ ಕಣ್ಣು ಮುಚ್ಚಿ ಮಾಡುವಷ್ಟು ಸಲೀಸು. ಯಾರೂ ಚಾಚಲಿಲ್ಲ. ತಂಗಿ ಫ್ಯಾನ್ ಬಂದ್ ಮಾಡಿದಳು. ಕಾಕಾ ಬ್ರಷ್ಷಿನ ತುದಿಗೆ ಒಂದು ಹನಿ ನೀರು ಬಿಟ್ಟರು, ಅಷ್ಟೇ. ನಾನು ತುದಿಯನ್ನು ಹೊರಳಿಸಿದೆ, ಅದು ಬಿಚ್ಚಿಕೊಳ್ಳಲಿಲ್ಲ. ಮತ್ತೆ ಹೊರಳಿಸಿದೆ. ನಲವತ್ತು ನಿಮಿಷ ಹಿಡಿಯಿತು ಅಂತ ಆಮೇಲೆ ಹೇಳಿದಿರಿ, ನನಗೆ ಗೊತ್ತಿಲ್ಲ. ಹಸಿರು ಬೊಟ್ಟು ರೆಕ್ಕೆಯ ಮೇಲೆ ಚಪ್ಪಟೆಯಾಗಿ ಕೂತಾಗ ಪೇಂಟರ್ ಅಣ್ಣ ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ನಿಮಗೆ ಕೈ ಮುಗಿದು ಹೇಳಬೇಕಾದದ್ದು ಇದೇ. ನನ್ನ ವಿಮಾನವನ್ನು ನೀವು ಮುಗಿಸಿಕೊಡಲಿಲ್ಲ. ಮುಗಿಸಿಕೊಡುವುದು ನಿಮಗೆ ಸುಲಭವಿತ್ತು, ನಾನೂ ಎಷ್ಟೋ ಸಲ ಬೇಡಿಕೊಂಡಿದ್ದೆ. ನಾನೇ ಮಾಡುವ ತನಕ ಕಾಯ್ದಿರಿ, ನಿಮ್ಮ ನಿಮ್ಮ ಕಿಟ್ಟುಗಳನ್ನು ಪಕ್ಕಕ್ಕಿಟ್ಟು ಕಾಯ್ದಿರಿ. ದೋಸ್ತನ ಹಂಟರ್ ವಿಮಾನ ಇನ್ನೂ ಪ್ರೈಮರ್‌ನಲ್ಲೇ, ಬಣ್ಣದ ಮೊದಲಿನ ಲೇಪದಲ್ಲೇ, ನಿಂತಿದೆ, ಅದು ನನ್ನಿಂದಾಗಿಯೇ ಅಂತ ಗೊತ್ತು.

ನಮ್ಮ ಮನೆಯಾಕಿಗೂ ಇಲ್ಲಿ ಬರೆಯಲೇಬೇಕು. ಒಂಬತ್ತು ತಿಂಗಳು ಮನೆಯ ಖರ್ಚು ತೂಗಿಸಿದಳು, ಹೊಲಿಗೆ ಮಷೀನ್ ರಾತ್ರಿ ಹನ್ನೊಂದರ ತನಕ ಓಡಿತು. ಚೀಲ ಹೊರಗೆ ಕಳಿಸಿದ ದಿನ ಕಾಕಾನಿಗೆ ಫೋನ್ ಮಾಡಿದವಳು ಅವಳೇ ಅಂತ ನನಗೆ ತಿಳಿದದ್ದು ಹೋದ ವಾರ.

ಮುಂದಿನ ತಿಂಗಳಿಂದ ಅರ್ಧ ಪಾಳಿ ಕೆಲಸಕ್ಕೆ ಹೋಗಬಹುದು ಎಂದಿದ್ದಾರೆ ಡಾಕ್ಟರು. ಅಲಸಂದಿ ಕಾಳು ಈಗ ಅರ್ಧ ಗಂಟೆಯಲ್ಲಿ ಇನ್ನೂರು ದಾಟುತ್ತವೆ.

ಈ ರವಿವಾರ ಕಾಕಾನ ಮನೆ ಬೇಡ, ನಮ್ಮಲ್ಲಿಗೆ ಬರ್ರಿ. ಮೇಜು ಸಣ್ಣದು, ಚಾಪೆ ಹಾಸುತ್ತೇನೆ. ಕುಂದಾ ತಂದಿಡುತ್ತೇನೆ, ಡಬ್ಬಿಗಳನ್ನು ಮಾತ್ರ ಎಸೆಯಬೇಡಿ. ದೋಸ್ತಾ, ಹಂಟರ್ ತಗೊಂಡು ಬಾ. ರೆಕ್ಕೆಯ ಸಂದಿ ನಾನು ಉಜ್ಜಿ ಕೊಡುತ್ತೇನೆ.