ಮುಖಕ್ಕಿಂತ ಮೊದಲು ಕೈ ನೋಡಿ

ಪ್ರಿಯ ಮಿತ್ರರೇ,

ಯುರೋಪಿನ ಚಿತ್ರಗಳಲ್ಲಿನ ಮರಣಶಯ್ಯೆ ಕುರಿತ ನಿಮ್ಮ ಕರಡು ಓದಿದೆ. ಅಳುವ ಮುಖಗಳಿಂದ ಶುರುಮಾಡಿದ್ದೀರಿ. ಮೊದಲು ಯಾರ ಕೈಯಲ್ಲಿ ಏನಿದೆ ಎಂದು ಬರೆದುಕೊಳ್ಳಿ. ಅಲ್ಲೊಂದು ವಿಧಿ ನಡೆಯುತ್ತಿರುತ್ತದೆ; ಕೈಗಳು ಅದನ್ನು ಹೇಳುತ್ತವೆ.

ಸಾಯುವ ಕ್ಯಾಥೊಲಿಕರಿಗೆ ಸಲ್ಲುವ ಸಂಸ್ಕಾರ ಮೂರು: ಪಾಪನಿವೇದನೆ, ಎಣ್ಣೆಯ ಅಭ್ಯಂಗ, ಪರಮಪ್ರಸಾದ (ಕ್ರಿಸ್ತನ ದೇಹವೆಂದು ಕೊಡುವ ರೊಟ್ಟಿ). ಈ ಕೊನೆಯ ಪ್ರಸಾದಕ್ಕೆ ಲ್ಯಾಟಿನ್ನಿನಲ್ಲಿ ವಿಯಾಟಿಕಮ್ ಎನ್ನುತ್ತಾರೆ, ಅಂದರೆ ದಾರಿಯ ಬುತ್ತಿ. ಇಷ್ಟು ಒಳ್ಳೆಯ ಮಾತು ನಮ್ಮಲ್ಲೇ ಇರುವಾಗ 'ಅಂತಿಮ ಆಹಾರ' ಎಂದೇಕೆ ಬರೆದಿರಿ?

ಹಳೆಯ ಕ್ರಮದಲ್ಲಿ ಅಭ್ಯಂಗಕ್ಕೆ ಬಳಸುತ್ತಿದ್ದುದು ಈಸ್ಟರ್‌ಗೆ ಮುಂಚಿನ ಪವಿತ್ರ ಗುರುವಾರ ಬಿಷಪ್ಪರು ಮಂತ್ರಿಸಿಟ್ಟ ಆಲಿವ್ ಎಣ್ಣೆ. ಪಾದ್ರಿ ಹೆಬ್ಬೆರಳನ್ನು ಅದರಲ್ಲಿ ಅದ್ದಿ ಕಣ್ಣು, ಕಿವಿ, ಮೂಗು, ತುಟಿ, ಕೈ, ಪಾದಗಳ ಮೇಲೆ ಶಿಲುಬೆಯ ಗುರುತು ಹಾಕುತ್ತ, ಆಯಾ ಇಂದ್ರಿಯದಿಂದಾದ ಪಾಪಕ್ಕೆ ಕ್ಷಮೆ ಬೇಡುತ್ತಿದ್ದರು. ಸಾಮಾನ್ಯ ಭಕ್ತರಿಗಾದರೆ ಅಂಗೈಗೆ ಹಚ್ಚುತ್ತಿದ್ದರು. ಸಾಯುತ್ತಿರುವವರೇ ಪಾದ್ರಿಯಾದರೆ ಅಂಗೈಯ ಹಿಂಬದಿಗೆ, ಏಕೆಂದರೆ ಪಾದ್ರಿಯಾಗಿ ದೀಕ್ಷೆ ಪಡೆದ ದಿನವೇ ಅವರ ಅಂಗೈಗೆ ಎಣ್ಣೆ ಬಿದ್ದಿರುತ್ತಿತ್ತು. ನೀವು ಬರೆದ 'ಹಣೆ ಮತ್ತು ಕೈ' ಕ್ರಮ 1972ರ ಸುಧಾರಣೆಯದು. ಅದನ್ನು 15ನೇ ಶತಮಾನದ ಚಿತ್ರಕ್ಕೆ ಹಚ್ಚಬೇಡಿ.

ಆಂಟ್‌ವರ್ಪ್‌ನಲ್ಲಿರುವ ರೋಗಿಯರ್ ವಾನ್ ಡರ್ ವೇಡನ್‌ನ, ಕ್ಯಾಥೊಲಿಕರ ಏಳೂ ಸಂಸ್ಕಾರಗಳನ್ನು ತೋರಿಸುವ ಫಲಕವನ್ನು (ಸುಮಾರು 1445–50) ನಿಧಾನವಾಗಿ ನೋಡಿ. ಸಾಯುವವನ ಮಂಚ ಮನೆಯಲ್ಲಿಲ್ಲ, ಇಗರ್ಜಿಯ (ಚರ್ಚಿನ) ಕಂಬಗಳ ನಡುವೆಯೇ ಇದೆ. ಪ್ರತಿ ಸಂಸ್ಕಾರದ ಮೇಲೂ ಒಬ್ಬ ದೇವದೂತ. ದೀಕ್ಷಾಸ್ನಾನದ (ಬ್ಯಾಪ್ಟಿಸಮ್) ಮೇಲಿನವನದು ಬಿಳಿ ಉಡುಪು, ಅಭ್ಯಂಗದವನದು ಕಪ್ಪು.

ಇನ್ನು ನಿಮ್ಮ ದೊಡ್ಡ ತಪ್ಪು. ಬ್ರೂಜ್‌ನಲ್ಲಿರುವ ಹ್ಯೂಗೊ ವಾನ್ ಡರ್ ಗೂಸ್‌ನ 'ಮರಿಯಳ ಮರಣ'ವನ್ನು ಅಭ್ಯಂಗದ ಚಿತ್ರ ಎಂದಿದ್ದೀರಿ. ಯೇಸುವಿನ ತಾಯಿ ಮರಿಯ ಪಾಪವಿಲ್ಲದವಳು, ಪಾಪ ತೊಳೆಯುವ ಎಣ್ಣೆ ಅವಳಿಗೇಕೆ? ಈ ವಸ್ತುವಿನ ಚಿತ್ರಗಳಲ್ಲಿ ಸಾಮಾನ್ಯವಾಗಿ ಕಾಣುವುದು ಪ್ರಾರ್ಥನೆಯ ಪುಸ್ತಕ, ಪವಿತ್ರ ಜಲ, ಧೂಪ, ಮೇಣದಬತ್ತಿ. ಪ್ರಾಣ ಹೋಗುವ ಹೊತ್ತಿಗೆ ಉರಿಯುವ ಬತ್ತಿಯನ್ನು ಕೈಗೆ ಹಿಡಿಸುವ ರೂಢಿಯಿತ್ತು. ಹ್ಯೂಗೊನ ಚಿತ್ರದಲ್ಲಿ ಯೇಸುವಿನ ಶಿಷ್ಯ ಪೇತ್ರ ಪಾದ್ರಿಯ ಬಿಳಿ ಪೂಜಾವಸ್ತ್ರ ತೊಟ್ಟು ಬತ್ತಿ ಹಿಡಿದಿರುವುದು ಅದಕ್ಕೇ. ಅದೇ ಕಾಲದ 'ಆರ್ಸ್ ಮೊರಿಯೆಂಡಿ' ಎಂಬ ಸಾವಿನ ಕೈಪಿಡಿಯಲ್ಲಿ 11 ಮರದಚ್ಚಿನ ಚಿತ್ರಗಳಿವೆ. ಕೊನೆಯದರಲ್ಲಿ ಸಾಯುವವನ ಕೈಯಲ್ಲಿ ಬತ್ತಿ. ಆತ್ಮ ಪುಟ್ಟ ಮಗುವಿನಂತೆ ದೇವದೂತರ ಕೈ ಸೇರುತ್ತದೆ, ಕೆಳಗೆ ಪಿಶಾಚಿಗಳು ಕೈಗೆ ಬಂದದ್ದು ತಪ್ಪಿತೆಂದು ಅರಚುತ್ತವೆ.

ಇಷ್ಟು ತಿಳಿದ ಮೇಲೆ ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿರುವ ಕಾರವಾಜೊನ ಮರಿಯಳ ಮುಂದೆ ನಿಲ್ಲಿ. ಬತ್ತಿಯಿಲ್ಲ, ಪುಸ್ತಕವಿಲ್ಲ, ಮೇಲೆ ಸ್ವರ್ಗ ತೆರೆದಿಲ್ಲ. ಊದಿದ ದೇಹ, ಬರಿಗಾಲು, ನೆಲದ ಮೇಲೊಂದು ತಾಮ್ರದ ಬೋಗುಣಿ. ರೋಮಿನ ಕಾರ್ಮೆಲ್ ಸನ್ಯಾಸಿಗಳ ಸಭೆಯವರು, ಲಾಯೆರ್ಜಿಯೊ ಕೆರುಬಿನಿ ಎಂಬ ವಕೀಲ ತಮ್ಮ ಇಗರ್ಜಿಗೆಂದೇ ಬರೆಸಿದ ಈ ಚಿತ್ರವನ್ನು ಒಪ್ಪಿಕೊಳ್ಳಲಿಲ್ಲ. ವಿಧಿ ಗೊತ್ತಿಲ್ಲದವರಿಗೆ ಈ ಬರಿದು ಕಣ್ಣಿಗೇ ಬೀಳುವುದಿಲ್ಲ.

ಎರಡನೇ ಪುಟವನ್ನು ಪೇತ್ರನ ಕೈಯಿಂದ ಶುರುಮಾಡಿ, ತಿದ್ದಿ ಕಳಿಸಿ. ಕಾಯುತ್ತಿರುತ್ತೇನೆ.